ಅಪರೂಪಕ್ಕೆ ಬಳಸುವ ಚೈನ್ ಸಾ: ಅಗ್ಗದ್ದೋ, ಕಂಪನಿಯದ್ದೋ?

ನಮ್ಮದು ಕೊಪ್ಪದ ಕಡೆ ಸಣ್ಣ ಅಡಿಕೆ ತೋಟ, ಜೊತೆಗೆ ಒಂದಿಷ್ಟು ಕಾಫಿ. ಚೈನ್ ಸಾ ನಮಗೆ ದಿನಾ ಬೇಕಾಗುವ ವಸ್ತುವಲ್ಲ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ದಾರಿ ಮುಚ್ಚಿದರೆ ಬೇಕು. ಅಡಿಕೆ ಬೇಯಿಸುವ ಹಂಡೆಗೆ, ಬಚ್ಚಲ ಒಲೆಗೆ ಸೌದೆ ಮಾಡುವಾಗ ಬೇಕು. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಆದ ಮೇಲೆ ಕೆಳಗೆ ಬಿದ್ದ ದಪ್ಪ ಕೊಂಬೆ ತುಂಡು ಮಾಡಲು ಬೇಕು. ಉಳಿದ ದಿನವೆಲ್ಲ ಅದು ಕೊಟ್ಟಿಗೆಯ ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ.

ಈ ಕೂತಿರುವ ತಿಂಗಳುಗಳನ್ನೇ ಎಲ್ಲರೂ ಮರೆಯುತ್ತಾರೆ. ನಮ್ಮಂಥವರ ಮೆಷಿನ್ ಕೊಯ್ದು ಕೊಯ್ದು ಸವೆಯುವುದಿಲ್ಲ. ಕೂತಲ್ಲೇ ಕೆಡುತ್ತದೆ. ಹಾಗಾಗಿ ಆರು ತಿಂಗಳು ಕೂತ ಮೇಲೆ ಸ್ಟಾರ್ಟ್ ಆಗುತ್ತದಾ, ಆಗದಿದ್ದರೆ ಯಾರು ರಿಪೇರಿ ಮಾಡುತ್ತಾರೆ ಅನ್ನೋದನ್ನೇ ನಾನು ಮೊದಲು ನೋಡಿದ್ದು.

ಮೆಷಿನ್ ಸಮೇತ ಬಂದು ಕೊಯ್ದು ಕೊಡುವವರು ನಮ್ಮೂರಲ್ಲೂ ಇದ್ದಾರೆ. ಸೌದೆ ಕೆಲಸ ಮಾತ್ರ ಇರುವವರಿಗೆ ಅವರನ್ನು ಕರೆಸುವುದೇ ಸರಿ, ಸ್ವಂತದ್ದು ಬೇಡವೇ ಬೇಡ. ನಮಗೆ ತೊಂದರೆ ಆಗಿದ್ದು ಮಳೆಗಾಲದಲ್ಲಿ. ಜೋರು ಗಾಳಿ ಬಂದ ಮರುದಿನ ಎಲ್ಲರ ಮನೆಗೂ ಅವರೇ ಬೇಕು. ನಮ್ಮ ಮನೆ ದಾರಿಗೆ ಬಿದ್ದ ಮರ ಅವರ ಸರದಿ ಬರುವ ತನಕ ಅಲ್ಲೇ ಬಿದ್ದಿರುತ್ತದೆ.

ಕೊಳ್ಳುವ ಮೊದಲು ಭಾವನ ಮನೆಯ ಅಗ್ಗದ ಮೆಷಿನ್ ತಂದು ಒಂದು ಸೌದೆ ಕಾಲ ಪೂರ್ತಿ ಬಳಸಿದೆ. 58 ಸಿಸಿ ಎಂಜಿನ್, 22 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆಯ ಪಟ್ಟಿ). ಬೆಲೆ ಕಂಪನಿ ಮೆಷಿನ್‌ನ ಮೂರನೇ ಒಂದು ಭಾಗದಷ್ಟು. "ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕೆ ಅಷ್ಟೊಂದು ದುಡ್ಡು ಯಾಕೆ ಸುರೀತೀಯ ಮಾರಾಯ?" ಅಂದಿದ್ದರು ಭಾವ. ಅವರ ಮಾತಲ್ಲಿ ಅರ್ಥವಿದೆ. ಅದು ಚೆನ್ನಾಗಿಯೇ ಕೊಯ್ಯುತ್ತದೆ. ಒಣಗಿದ ಸಿಲ್ವರ್ ಓಕ್ ದಿಮ್ಮಿಯಲ್ಲಿ ಸಲೀಸಾಗಿ ಇಳಿಯುತ್ತದೆ.

ಈ 52, 58 ಸಿಸಿ ಚೀನಾ ಮೆಷಿನ್‌ಗಳಲ್ಲಿ ಹೆಚ್ಚಿನವು ಜಪಾನಿನ ಜೆನೋವಾ ಕಂಪನಿಯ ಹಳೆಯ ಮಾದರಿಯೊಂದರ ನಕಲು. ಮೇಲಿನ ಬಣ್ಣ, ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಬಹುಪಾಲು ಒಂದೇ. ಇದರಿಂದ ಒಂದು ಲಾಭವಿದೆ. ಕಾರ್ಬುರೇಟರ್ ಆಗಲಿ, ಸ್ಟಾರ್ಟರ್ ಆಗಲಿ, ಒಂದು ಮೆಷಿನ್‌ನದು ಇನ್ನೊಂದಕ್ಕೆ ಕೂರುತ್ತದೆ, ಬೆಲೆಯೂ ಕಮ್ಮಿ. ಸ್ವತಃ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಜೋಡಿಸುವ ಆಸಕ್ತಿ ಇರುವವರಿಗೆ ಇದು ಖಂಡಿತ ನಡೆಯುತ್ತದೆ. ಸ್ಟಿಕ್ಕರಿನ ಮೇಲೆ ಬರೆದಷ್ಟು ಸಿಸಿ ಒಳಗೆ ಇರುತ್ತದೆ ಅಂತ ಮಾತ್ರ ನಂಬಬೇಡಿ.

ನನಗೆ ಅದು ಬೇಡ ಅನಿಸಿದ್ದು ಬೇರೆ ಎರಡು ಕಾರಣಕ್ಕೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಚೈನು ಮೆಲ್ಲಗೆ ತಿರುಗುತ್ತಲೇ ಇತ್ತು. ಐಡ್ಲಿಂಗ್ ಸ್ಕ್ರೂ ಇಳಿಸಿದರೆ ಎಂಜಿನ್ನೇ ಆಫ್. ಕೊಯ್ದ ತುಂಡನ್ನು ಕಾಲಿನಿಂದ ಸರಿಸುವಾಗ ಪಕ್ಕದಲ್ಲಿ ಚೈನು ತಿರುಗುತ್ತಿದ್ದರೆ ಎದೆ ಢವಗುಟ್ಟುತ್ತದೆ, ಅಲ್ವಾ? ಇನ್ನೊಂದು, ಚೈನ್ ಬ್ರೇಕು. ಮುಂದಿನ ಗಾರ್ಡನ್ನು ತಳ್ಳಿದರೆ ಟಕ್ ಅಂತ ನಿಲ್ಲಬೇಕಾದ ಚೈನು ಇನ್ನೂ ಒಂದು ಸುತ್ತು ಹೋಗಿ ನಿಲ್ಲುತ್ತಿತ್ತು.

ಈ ಬ್ರೇಕಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಬಾರ್‌ನ ಮೂತಿಯ ಮೇಲ್ಭಾಗ ಗಟ್ಟಿ ಕೊಂಬೆಗೆ ತಾಗಿದರೆ ಇಡೀ ಮೆಷಿನ್ ಮುಖದ ಕಡೆಗೆ ಎಗರುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ. ದಿನಾ ಕೊಯ್ಯುವವನ ಕೈಗೆ ಅದರ ಅಂದಾಜು ಇರುತ್ತದೆ. ಅಪರೂಪಕ್ಕೆ ಹಿಡಿಯುವ ನಮಗೆ ಇರುವುದಿಲ್ಲ. ಹಾಗಾಗಿ ಒಳ್ಳೆಯ ಬ್ರೇಕು ಜಾಸ್ತಿ ಬೇಕಾಗಿರುವುದು ನಮಗೇ.

ಕೊನೆಗೆ ನಾನು ಕೊಂಡಿದ್ದು ಸ್ಟಿಲ್ ಎಂಎಸ್ 180, 16 ಇಂಚಿನ ಬಾರ್ ಹಾಕಿಸಿಕೊಂಡು. ಎಂಜಿನ್ 32 ಸಿಸಿ ಹತ್ತಿರ, ತೂಕ ಬಾರ್ ಬಿಟ್ಟು 4 ಕೆಜಿ ಆಸುಪಾಸು. ಭಾವನ ಮೆಷಿನ್ ಬಾರ್ ಬಿಟ್ಟೇ 5 ಕೆಜಿ ದಾಟುತ್ತದೆ. ಸಂಜೆ ಹೊತ್ತಿಗೆ ಸೊಂಟಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇಷ್ಟು ಚಿಕ್ಕದು ಸಾಕಾಗುತ್ತದಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ನಾವು ಕೊಯ್ಯುವುದು ಹೆಚ್ಚಾಗಿ ಸಿಲ್ವರ್ ಓಕ್, ಬಿದ್ದ ಕೊಂಬೆ, ಸೌದೆ. ಅವಕ್ಕೆ 16 ಇಂಚು ಧಾರಾಳ. ದಪ್ಪ ದಿಮ್ಮಿಯಾದರೆ ಎರಡೂ ಕಡೆಯಿಂದ ಕೊಯ್ದರೆ ಆಯಿತು. ದೊಡ್ಡ ಕಾಡುಮರ ಕಡಿಯಲು 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಅದು ಕಸುಬಿನವರ ಕೆಲಸ. ಮತ್ತೆ ಮನೆಗೆ 22 ಇಂಚು ಯಾಕೆ?

ಹಸ್ಕ್ವರ್ನಾ ಕೂಡ ಅಷ್ಟೇ ಒಳ್ಳೆಯದು. ಸ್ವೀಡನ್ನಿನ ಆ ಕಂಪನಿ 1959ರಿಂದ ಚೈನ್ ಸಾ ಮಾಡುತ್ತಿದೆ, ಜರ್ಮನಿಯ ಸ್ಟಿಲ್ ಶುರುವಾಗಿದ್ದು 1926ರಲ್ಲಿ. ಇವೆರಡರಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಊರಿಗೆ ಹತ್ತಿರ ಯಾವುದರ ಡೀಲರ್ ಇದ್ದಾರೆ, ಅವರ ಅಂಗಡಿಯಲ್ಲಿ ರಿಪೇರಿ ಮಾಡುವ ಹುಡುಗ ಇದ್ದಾನಾ, ಅಷ್ಟು ನೋಡಿ. ಕಂಪನಿ ಮಾಲು ಅರ್ಧ ಬೆಲೆಗೆ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಅದು ಡೂಪ್ಲಿಕೇಟ್ ಅಂತಲೇ ತಿಳಿಯಿರಿ. ಹಾಗೆ ಮೋಸ ಹೋಗುವ ಬದಲು ಅಗ್ಗದ್ದನ್ನು ಅಗ್ಗದ್ದು ಅಂತ ಗೊತ್ತಿದ್ದೇ ತರುವುದು ವಾಸಿ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ! ಟ್ಯಾಂಕಲ್ಲಿ ಹಳೆಯ ಪೆಟ್ರೋಲ್ ಹಾಗೇ ಬಿಟ್ಟರೆ ಕಾರ್ಬುರೇಟರ್ ಒಳಗೆ ಅಂಟು ಕೂರುತ್ತದೆ, ಅದರೊಳಗಿನ ತೆಳುವಾದ ಪೊರೆ (ಡಯಾಫ್ರಂ) ಬಿರುಸಾಗುತ್ತದೆ. ಆಮೇಲೆ ಹಗ್ಗ ಎಷ್ಟು ಎಳೆದರೂ ಅಷ್ಟೇ. ಈ ವಿಷಯದಲ್ಲಿ ಅಗ್ಗದ್ದು, ದುಬಾರಿದು ಅಂತ ಭೇದವಿಲ್ಲ. ನಾನು ಕೆಲಸ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ತಾನಾಗಿ ಆಫ್ ಆಗುವ ತನಕ ಓಡಿಸುತ್ತೇನೆ. ಈ ಮೆಷಿನ್‌ಗಳಿಗೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು, ಆ ಮಿಶ್ರಣ ಮಾಡುವುದು ಬೇಕಾದಾಗ ಬೇಕಾದಷ್ಟೇ. ಕಂಪನಿಯ ಆಯಿಲ್ ಆದರೆ ಲೀಟರಿಗೆ 20 ಮಿಲಿ. ಭಾವನ ಮೆಷಿನ್ ಪುಸ್ತಕದಲ್ಲಿ 40 ಮಿಲಿ ಅಂತಿದೆ, ಅದಕ್ಕೆ ಅಷ್ಟೇ ಹಾಕಬೇಕು. ಎರಡಕ್ಕೂ ಒಂದೇ ಕ್ಯಾನ್ ಇಟ್ಟುಕೊಳ್ಳಬೇಡಿ.

ಕೊಯ್ಯುವುದು ಎಂಜಿನ್ನಿಗಿಂತ ಚೈನಿನ ಹಲ್ಲು. ಮರದ ಪುಡಿ ನೋಡಿದರೆ ಗೊತ್ತಾಗುತ್ತದೆ. ಹರಿತ ಇದ್ದರೆ ದಪ್ಪ ದಪ್ಪ ಚಕ್ಕೆ ಹಾರುತ್ತದೆ. ಮೊಂಡಾಗಿದ್ದರೆ ಹಿಟ್ಟಿನ ಹಾಗೆ ನುಣ್ಣನೆ ಪುಡಿ ಬೀಳುತ್ತದೆ, ಹೊಗೆ ವಾಸನೆಯೂ ಬರುತ್ತದೆ. ಆಗ ಒತ್ತಿ ಕೊಯ್ದರೆ ಬಾರ್, ಕ್ಲಚ್ ಎರಡೂ ಸುಡುತ್ತವೆ. ನನ್ನ ಚೈನಿಗೆ 4 ಮಿಮೀ ದುಂಡು ಅರ, ಭಾವನದಕ್ಕೆ 4.8 ಮಿಮೀ. ಪ್ರತಿ ಹಲ್ಲಿಗೂ ಒಂದೇ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ, ಎಣಿಸಿಕೊಂಡು ಸಮನಾಗಿ ಅರ ತಳ್ಳಬೇಕು. ಒಂದು ಬದಿಯ ಹಲ್ಲು ಜಾಸ್ತಿ ಸವೆದರೆ ಕೊಯ್ತ ಸೊಟ್ಟಗೆ ಹೋಗುತ್ತದೆ.

ದುಡ್ಡಿನ ಅಡಚಣೆಯಿಂದ ಅಗ್ಗದ್ದನ್ನೇ ತರುವುದಾದರೆ, 18 ಇಂಚು ಅಥವಾ ಕಮ್ಮಿ ಬಾರ್ ಇರುವುದನ್ನು ಕೇಳಿ. ಪೇಟೆಯ ಅಂಗಡಿಯಲ್ಲಿ ಸ್ಟಾರ್ಟ್ ಮಾಡಿಸಿಯೇ ತನ್ನಿ. ಆಕ್ಸಿಲರೇಟರ್ ಬಿಟ್ಟಾಗ ಚೈನು ನಿಲ್ಲಬೇಕು, ಬ್ರೇಕು ಹಾಕಿದ ತಕ್ಷಣ ನಿಲ್ಲಬೇಕು. ಇದೆರಡು ಸರಿಯಿಲ್ಲದಿದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಜೊತೆಗೆ ಬಂದ ಚೈನ್ ಮೊಂಡಾದಾಗ ಒಂದು ಒಳ್ಳೆಯ ಚೈನ್ ಕೊಂಡು ಹಾಕಿ, ಮೆಷಿನ್ನೇ ಬದಲಾದಂತೆ ಅನಿಸುತ್ತದೆ. ಭಾವನದಕ್ಕೂ ಹೊಸ ಚೈನ್ ಹಾಕಿ, ಕ್ಲಚ್ ಸ್ಪ್ರಿಂಗ್, ಬ್ರೇಕಿನ ಪಟ್ಟಿ ಎರಡನ್ನೂ ಬದಲಾಯಿಸಿದ್ದೇವೆ. ಈಗ ಅದನ್ನು ಧೈರ್ಯವಾಗಿ ಹಿಡಿಯಬಹುದು.