ಮಿಕ್ಕಿದ್ದು ನನ್ನ ಲೆಕ್ಕ: ಬೋರ್ಡಿನಲ್ಲಿಲ್ಲದ ಊಟ ಹುಡುಕಿದ ನನ್ನ ಅನುಭವ

"ಮಧ್ಯಾಹ್ನದ ಗಿರಾಕಿಗಳನ್ನು ಬಿಟ್ಟು ನಿನ್ನೊಬ್ಬನಿಗೆ ಯಾರಪ್ಪ ಬೇರೆ ಒಲೆ ಹಚ್ಚುತ್ತಾರೆ?" ಹೋಟೆಲಿನ ಬೋರ್ಡಿನಲ್ಲಿ ಬರೆಯದ ಅಡುಗೆಯನ್ನು ಹೇಳಿ ಮಾಡಿಸಿಕೊಂಡು ಉಣ್ಣುತ್ತೇನೆ ಎಂದಾಗ ನನ್ನ ಜೊತೆ ಊರೂರು ಸುತ್ತುವವರೆಲ್ಲ ಕೇಳಿದ ಪ್ರಶ್ನೆ ಇದು. 14 ತಿಂಗಳಾಯಿತು. ಇದುವರೆಗೆ ಸುಮಾರು 50 ಬಗೆ ತಿಂದಿದ್ದೇನೆ. ಹಾಗೆ ಕೇಳಿದವರಲ್ಲಿ ಇಬ್ಬರು ಈಗ ಹೊರಡುವ ಮೊದಲು ನನಗೆ ಫೋನು ಮಾಡಿ, ಯಾವ ಊರಿನಲ್ಲಿ ಏನು ಕೇಳಬೇಕು ಎಂದು ವಿಚಾರಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಟಿಲ್ಲರ್ ಮತ್ತು ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಕೆಲಸ. ಶಿವಮೊಗ್ಗದಿಂದ ಸಾಗರ, ಸಿರ್ಸಿ, ಕುಮಟಾ, ಹೊನ್ನಾವರ ಒಂದು ಸುತ್ತು. ಅರಸೀಕೆರೆ, ಹಾಸನ, ಮಂಡ್ಯ ಇನ್ನೊಂದು. ತಿಂಗಳಲ್ಲಿ 16–18 ದಿನ ಹೊರಗಿನ ಊಟವೇ. ಊಟದ ಭತ್ಯೆ ದಿನಕ್ಕೆ 300 ರೂಪಾಯಿಯ ಆಸುಪಾಸು.

ಮೊದಮೊದಲು ನಾನೂ ಎಲ್ಲರಂತೆ "ಇವತ್ತು ಸ್ಪೆಷಲ್ ಏನು?" ಎಂದೇ ಕೇಳುತ್ತಿದ್ದೆ. ಹಾಗೆ ಕೇಳಿದರೆ ಕರಾವಳಿಯಲ್ಲೂ ಗೋಬಿ ಮಂಚೂರಿ, ಮಲೆನಾಡಿನಲ್ಲೂ ಗೋಬಿ ಮಂಚೂರಿ. ನಾಲ್ಕೈದು ತಿಂಗಳು ಹೀಗೇ ಹೋದವು. ಒಂದು ದಿನ ಕೆಲಸ ಮುಗಿಯುವುದು ತಡವಾಗಿ, ಮೂರೂವರೆಗೆ ಸಾಗರದ ಹತ್ತಿರದ ಹೋಟೆಲೊಂದಕ್ಕೆ ಹೋದೆ. ಊಟ ಖಾಲಿ. ಒಳಗೆ ಕೆಲಸದವರು ಉಣ್ಣುತ್ತಿದ್ದರು. ಅವರ ತಟ್ಟೆಯಲ್ಲಿದ್ದದ್ದು ಬೋರ್ಡಿನಲ್ಲಿದ್ದ ಸಾಂಬಾರಲ್ಲ. ಹುರುಳಿ ಕಟ್ಟಿನ ಸಾರು, ಸುಟ್ಟ ಒಣಮೀನಿನ ಚಟ್ನಿ. ಕೇಳಿ ಹಾಕಿಸಿಕೊಂಡೆ. ಆ ವರ್ಷ ಹೋಟೆಲಿನಲ್ಲಿ ಉಂಡದ್ದರಲ್ಲಿ ಅದೇ ಅತ್ಯಂತ ರುಚಿಯ ಊಟ. ಅಂದಿನಿಂದ ನಾನು ಕೇಳುವ ಪ್ರಶ್ನೆ ಬದಲಾಯಿತು: "ಮಧ್ಯಾಹ್ನ ನೀವು ಏನು ಉಂಡಿರಿ?" ಇದನ್ನು ಮೂರೂವರೆಯ ಮೇಲೆ ಕೇಳಬೇಕು, ಒಂದು ಗಂಟೆಯ ಗಲಾಟೆಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಪ್ರಶ್ನೆಗೂ ಮೊದಲು ನಾನು ಮಾಡುವ ಸಣ್ಣ ಕೆಲಸವೊಂದಿದೆ. ಬಹಳ ಅಲೆದು ಕಂಡುಕೊಂಡದ್ದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಅಡುಗೆಯ ಹೆಸರು ಗೊತ್ತಾಯಿತು, ಆದರೆ ಮಾಡಿಸುವುದು ಹೇಗೆ? ಮುಂಗಡ ಕೊಟ್ಟರೆ ಆಯಿತೆಂದು ಐದು ಕಡೆ ನೂರಿನ್ನೂರು ಕೊಟ್ಟು ಬಂದೆ. ಮೂರು ಕಡೆ ಊಟವೂ ಇಲ್ಲ, ಹಣವೂ ಇಲ್ಲ. ಒಂದು ಕಡೆ ಅಡುಗೆಯವರು ಊರಿಗೆ ಹೋಗಿದ್ದರು; ಇನ್ನೊಂದು ಕಡೆ ಗಲ್ಲಾದಲ್ಲಿ ಬೇರೆ ಯಾರೋ ಕುಳಿತಿದ್ದರು, ಮುಂಗಡದ ವಿಷಯವೇ ತಮಗೆ ಗೊತ್ತಿಲ್ಲ ಎಂದರು. ಒಟ್ಟು 500 ರೂಪಾಯಿ ಕೈಬಿಟ್ಟಿತು. ಕೋಪಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಹಣ ಕೊಟ್ಟರೂ ಇವರು ಏಕೆ ಹಿಂಜರಿಯುತ್ತಾರೆ ಎಂಬುದು.

ಉತ್ತರ ಸಿಕ್ಕಿದ್ದು ಕುಮಟಾದ ಕಡೆಯ ಒಂದು ಸಣ್ಣ ಖಾನಾವಳಿಯಲ್ಲಿ. ಅಘನಾಶಿನಿ ಹೊಳೆಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳಲ್ಲಿ, ಬೆಳೆಯುವ ಕಗ್ಗ ನಿಮಗೆ ಗೊತ್ತಿರಬಹುದು. ಉಪ್ಪುನೀರು ನುಗ್ಗಿದರೂ ತಡೆದು ನಿಲ್ಲುವ ಭತ್ತ ಅದು. ಆ ಅಕ್ಕಿಯ ಗಂಜಿ ಉಣ್ಣಬೇಕೆಂದು ನನಗೆ ಬಹಳ ದಿನದ ಆಸೆ. ಕೇಳಿದಾಗ ಖಾನಾವಳಿಯ ಅಕ್ಕ ಹೇಳಿದರು: "ತಮ್ಮಾ, ಅದು ಮನೆಯಲ್ಲಿ ಉಣ್ಣುವುದು. ಒಂದು ಸೇರು ಬೇಯಿಸಿದರೆ ಹತ್ತು ಜನರಿಗಾಗುತ್ತದೆ. ನೀನು ಒಂದು ಬಟ್ಟಲು ಉಂಡು ಹೋದರೆ ಮಿಕ್ಕಿದ್ದನ್ನು ನಾನು ಯಾರಿಗೆ ಬಡಿಸಲಿ?"

ಅವರ ಹೆದರಿಕೆ ಇದ್ದದ್ದು ನಾನು ಬರುತ್ತೇನೋ ಇಲ್ಲವೋ ಎಂಬುದರ ಬಗ್ಗೆ ಅಲ್ಲ, ಮಿಕ್ಕುವುದರ ಬಗ್ಗೆ. "ಮಿಕ್ಕಿದ್ದು ನನ್ನ ಲೆಕ್ಕ, ಅಕ್ಕ. ಒಂದು ಬಟ್ಟಲಿಗೆ 40 ರೂಪಾಯಿ ಹಾಕಿಕೊಳ್ಳಿ, ಹತ್ತೂ ಉಳಿದರೆ ಹತ್ತರದ್ದೂ ಕೊಡುತ್ತೇನೆ" ಎಂದೆ. ಮರುದಿನ ಹೋದರೆ ಗಂಜಿ, ಸುಟ್ಟ ಬಂಗಡೆ, ಮಾವಿನ ಮಿಡಿಯ ಉಪ್ಪಿನಕಾಯಿ ಕಾದಿದ್ದವು. ನಾನು ಉಣ್ಣುವುದನ್ನು ನೋಡಿ ಪಕ್ಕದ ಮೇಜಿನ ಲಾರಿಯವರು ಕೇಳಿದರು; ಎದುರಿನ ಕಚೇರಿಯಿಂದ ಬಂದ ಇಬ್ಬರು ಕೇಳಿದರು. ಕೊನೆಗೆ ಉಳಿದದ್ದು ಎರಡು ಬಟ್ಟಲು. ನನ್ನದೂ ಸೇರಿ 120 ರೂಪಾಯಿ ಕೊಟ್ಟೆ.

ಅಲ್ಲಿಂದ ಈಚೆಗೆ ಈ ಮಾತನ್ನು 23 ಸಲವೋ 24 ಸಲವೋ ಆಡಿದ್ದೇನೆ. ಮಿಕ್ಕಿದ್ದಕ್ಕೆಂದು ಕೊಟ್ಟದ್ದು ಎಲ್ಲ ಸೇರಿ 1,400 ರೂಪಾಯಿ ದಾಟಿಲ್ಲ. ಒಂಬತ್ತು ಸಲ ಏನೂ ಮಿಗಲಿಲ್ಲ. ಒಂದೇ ಸಲ ದೊಡ್ಡ ಪೆಟ್ಟು ಬಿತ್ತು: ಶ್ರಾವಣ ಶುರುವಾದದ್ದನ್ನು ಮರೆತು ಅರಸೀಕೆರೆಯ ಕಡೆ ಬೋಟಿ ಗೊಜ್ಜು ಹೇಳಿದ್ದೆ. ಮಾಂಸ ಮುಟ್ಟುವವರೇ ಇರಲಿಲ್ಲ, 380 ರೂಪಾಯಿ ಕಟ್ಟಬೇಕಾಯಿತು. ಭತ್ಯೆಯ ಮೇಲೆ ಕೈಯಿಂದ ಹಾಕಿದ್ದು ಇಷ್ಟೂ ತಿಂಗಳಲ್ಲಿ ಒಂಬತ್ತು ಹತ್ತು ಸಾವಿರ. ಒಂದು ಮದುವೆಗೆ ಹೋಗಿ ಬರುವ ಖರ್ಚು.

ಮಿಲಿಟರಿ ಹೋಟೆಲುಗಳ ಲೆಕ್ಕವೇ ಬೇರೆ. ಅಲ್ಲಿ ಮಿಕ್ಕುವ ಭಯವಿಲ್ಲ, ಸಾಲದಿರುವುದೇ ತೊಂದರೆ. ಒಂದು ಕುರಿಗೆ ಒಂದೇ ತಲೆ, ನಾಲ್ಕೇ ಕಾಲು, ಒಂದೇ ಮಿದುಳು. ಇನ್ನೂರು ಜನ ಉಣ್ಣುವ ಕಡೆ ತಲೆಮಾಂಸ ಎಂದು ಬೋರ್ಡಿನಲ್ಲಿ ಬರೆದರೆ ಜಗಳವಾಗುತ್ತದೆ. ಆದ್ದರಿಂದ ಅದು ಬೋರ್ಡಿಗೆ ಬರುವ ಮೊದಲೇ ಗೊತ್ತಿರುವವರ ತಟ್ಟೆಗೆ ಹೋಗಿರುತ್ತದೆ. ಬೋಟಿ, ರಕ್ತ ಇಟ್ಟುಕೊಳ್ಳುವ ಪದಾರ್ಥಗಳೂ ಅಲ್ಲ. ಬೆಳಿಗ್ಗೆ ಕಡಿದದ್ದು ಬೆಳಿಗ್ಗೆಯೇ ಬೇಯಬೇಕು. ಮಂಡ್ಯದ ಕಡೆ ನಾನು ಎಂಟು ಗಂಟೆಗೇ ಹೋಗಿ ಇಡ್ಲಿಯ ಜೊತೆ ಕಾಲು ಸೂಪು ಕುಡಿಯುತ್ತೇನೆ. ಮಧ್ಯಾಹ್ನ ಮುದ್ದೆಗೆ ಹೋದವರಿಗೆ ಸಿಗುವುದು ಚಾಪ್ಸು, ಸಾರು ಮಾತ್ರ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಸೋತದ್ದನ್ನೂ ಬರೆಯಬೇಕು. ಕಳಲೆಯನ್ನು, ಅಂದರೆ ಎಳೆ ಬಿದಿರಿನ ಮೊಳಕೆಯನ್ನು, ಹೆಚ್ಚಿ ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಬೇಕೆಂದು ನನಗೆ ಗೊತ್ತಿತ್ತು. ಆದರೂ ನಾಳೆಯೇ ಬೇಕೆಂದು ಒತ್ತಾಯಿಸಿದೆ. ಅವರು ಒಂದು ರಾತ್ರಿ ನೆನೆಸಿ ಪಲ್ಯ ಮಾಡಿಕೊಟ್ಟರು. ಕಹಿ ಗಂಟಲಿಗೆ ಇಳಿಯಿತು, ಸಂಜೆಯೊಳಗೆ ವಾಂತಿ. ಕಳಲೆಯ ವಿಷ ಹೋಗುವುದೇ ಆ ನೀರಿನಲ್ಲಿ. ಅವಸರ ನನ್ನದು, ತಪ್ಪೂ ನನ್ನದೇ. ಒಂದು ದಿನ ಕೆಲಸ ಹೋಯಿತು, ವೈದ್ಯರಿಗೆ 600. ಈಗ ಕಳಲೆಯನ್ನು ನಾಲ್ಕು ದಿನ ಮೊದಲೇ ಹೇಳುತ್ತೇನೆ. ಕೆಸುವಿನ ಎಲೆಯದೂ ಇದೇ ಕಥೆ. ಹುಣಸೆಹುಳಿ ಕಡಿಮೆ ಬಿದ್ದ ಪತ್ರೊಡೆ ತಿಂದು ಅರ್ಧ ದಿನ ಗಂಟಲು ತುರಿಸಿಕೊಂಡದ್ದಾಗಿದೆ. ಬಳಚು ಎಂಬ ಚಿಪ್ಪಿನ ಜೀವಿಯ ಸುಕ್ಕದಲ್ಲಿ ಮರಳು ಸಿಕ್ಕಿತೆಂದರೆ ನೀರಿನಲ್ಲಿಟ್ಟು ಮರಳು ಬಿಡಿಸಿಲ್ಲ ಎಂದರ್ಥ. ಬಟ್ಟಲನ್ನು ಪಕ್ಕಕ್ಕಿಟ್ಟು ಏಳುವುದೇ ಸರಿ.

ಜೂನ್‌ನಲ್ಲಿ ತೊರಕೆ ಮೀನಿಗೆಂದು ರಜೆ ಹಾಕಿ ಕರಾವಳಿಗೆ ಹೋದದ್ದು ಶುದ್ಧ ನಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಹೋಟೆಲಿನಲ್ಲಿ ಸಿಕ್ಕಿದ್ದು ಐಸಿನಲ್ಲಿಟ್ಟ ಮೀನು. ಬಸ್ಸು, ಕೊಠಡಿ, ಊಟ ಸೇರಿ 1,800 ರೂಪಾಯಿ ಖರ್ಚು. ಮಳೆಗಾಲದಲ್ಲಿ ಮಲೆನಾಡಿನ ಗದ್ದೆ ಏಡಿಯ ಸಾರು, ಅಣಬೆ, ಕಳಲೆ ನೋಡಿಕೊಳ್ಳಿ. ಕಡಲ ಮೀನು ಆಗಸ್ಟ್ ಆದ ಮೇಲೆ.

ನಡುವೆ ಇನ್ನೊಂದು ಹುಚ್ಚು ಹಿಡಿಯಿತು. ವಿರಾಜಪೇಟೆಯಲ್ಲಿ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬಿಟ್ಟು (ಅಕ್ಕಿ ತರಿಯ ಉಂಡೆ) ತಿಂದು ಬಂದ ಮೇಲೆ ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ರುಚಿ ನಾಲಿಗೆ ಬಿಡಲಿಲ್ಲ. ಕೊಡಗಿನವರು ಅದನ್ನು ಮಾಡುವ ಹಣ್ಣು ನಮ್ಮ ಕಡೆಯ ಉಪ್ಪಾಗೆಯೇ. ಐದಾರು ಕಿಲೋ ಹಣ್ಣು ತರಿಸಿ, ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ತೊಟ್ಟಿಕ್ಕಿದ ರಸವನ್ನು ಹಿತ್ತಿಲ ಒಲೆಯ ಮೇಲೆ ಕಪ್ಪಾಗುವವರೆಗೆ ಕಾಯಿಸಿದೆ. ಮೊದಲ ಸಲ ತಳ ಹಿಡಿದು ಎಲ್ಲವೂ ಹೋಯಿತು. ಎರಡನೆಯ ಸಲ ಸಣ್ಣ ಸೀಸೆಯ ಅರ್ಧದಷ್ಟು ಸಿಕ್ಕಿತು. ಕೊಡಗಿನದ್ದಕ್ಕೆ ಮುಕ್ಕಾಲು ಪಾಲು ಸಮ ಎಂದು ಧೈರ್ಯವಾಗಿ ಹೇಳುತ್ತೇನೆ. ಕೊನೆಯಲ್ಲಿ ಉರಿಯನ್ನು ಯಾವಾಗ ತೆಗೆಯಬೇಕೆಂಬುದು ನನ್ನ ಹತ್ತಿರವೇ ಇರಲಿ.

ಚಗಳಿ ಎಂಬ ಕೆಂಪಿರುವೆಯ ಚಟ್ನಿ ಮಾತ್ರ ಯಾವ ಹೋಟೆಲಿನಲ್ಲೂ ಸಿಗಲಿಲ್ಲ. ತೀರ್ಥಹಳ್ಳಿಯ ಕಡೆ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಹುಡುಗ ಮೂರನೆಯ ಭೇಟಿಯಲ್ಲಿ ಮನೆಗೆ ಕರೆದುಕೊಂಡು ಹೋದ. ಅವನ ಅಜ್ಜಿ ಕೆಂಪಿರುವೆಯನ್ನು ಹುರಿದು, ಮೆಣಸು, ಬೆಳ್ಳುಳ್ಳಿ, ಉಪ್ಪು, ಕಾಯಿ ಹಾಕಿ ಅರೆದುಕೊಟ್ಟರು. ನಿಂಬೆಯನ್ನು ಮೀರಿಸುವ ಹುಳಿ, ಹಿಂದೆಯೇ ಹುರಿದ ಪರಿಮಳ. ಕೊಡುವಾಗ "ಇದನ್ನೆಲ್ಲ ನೀವು ತಿನ್ನುತ್ತೀರೋ ಇಲ್ಲವೋ" ಎಂದು ಅಜ್ಜಿ ತಲೆ ತಗ್ಗಿಸಿದ್ದು ನನ್ನ ಮನಸ್ಸನ್ನು ಚುಚ್ಚಿತು. ಒಡಿಶಾದ ಸಿಮಿಲಿಪಾಲ್ ಕಡೆಯ ಇಂಥದೇ ಇರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ನಮ್ಮ ಅಜ್ಜಿಯಂದಿರು ಅದನ್ನು ಸಂಕೋಚದಿಂದ ಬಡಿಸಬೇಕಾದ ಕಾರಣ ಒಂದೂ ಇಲ್ಲ. ಎರಡು ಸಲ ಹಾಕಿಸಿಕೊಂಡೆ.

ಒಂದು ದಿನಕ್ಕೆ ಒಂದೇ ಹೊಸ ತಿನಿಸು ಎಂಬ ನಿಯಮ ಇಟ್ಟುಕೊಂಡಿದ್ದೇನೆ. ಎರಡು ತಿಂದು ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನಕ್ಕೆ, ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸಕ್ಕೆ ಈಗಾಗಲೇ ಮಾತಾಡಿಟ್ಟಿದ್ದೇನೆ. ಆ ಸೊಪ್ಪಿನ ಬಣ್ಣದಿಂದ ಮರುದಿನ ಮೂತ್ರ ಕೆಂಪಗಾದರೆ ಗಾಬರಿಯಾಗಬಾರದೆಂದು ಜೊತೆಗೆ ಬರುವವರಿಗೆ ಮೊದಲೇ ಹೇಳಿದ್ದೇನೆ.

ಕುಮಟಾದ ಅಕ್ಕ ಈಗ ಪ್ರತಿ ಬುಧವಾರ ಕಗ್ಗದ ಗಂಜಿ ಮಾಡುತ್ತಾರೆ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ಹೋದ ವಾರ ನಾನು ತಲುಪುವಾಗ ಎರಡು ಗಂಟೆಯಾಗಿತ್ತು. ಗಂಜಿ ಮುಗಿದಿತ್ತು.