ದಿಂಬಿನ ಕೆಳಗಿನ ಬಾಟಲಿ

ನಾನು ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಇನ್‌ಚಾರ್ಜ್. ಕೆಲವು ವರ್ಷದ ಹಿಂದೆ 'ಸಮಗ್ರ ಆರೈಕೆ' ಬಗ್ಗೆ ನಮ್ಮ ಸಿಸ್ಟರ್‌ಗಳಿಗೆ ತರಬೇತಿ ಕೊಡಿ ಅಂತ ಮೇಲಿನವರು ಹೇಳಿದರು. ದೇಹ, ಮನಸ್ಸು, ಆತ್ಮ ಅಂತೆಲ್ಲ 40 ಸ್ಲೈಡ್ ಮಾಡಿಕೊಂಡು ಹೋದೆ. ಎದುರಿಗೆ ಕೂತಿದ್ದ ಅರ್ಧ ಜನ ನೈಟ್ ಡ್ಯೂಟಿ ಮುಗಿಸಿ ಬಂದವರು, ಹತ್ತನೇ ಸ್ಲೈಡಿಗೇ ತೂಕಡಿಕೆ. ರಾತ್ರಿಯೆಲ್ಲ ನಿಂತವರಿಗೆ ಬೆಳಿಗ್ಗೆ ಆತ್ಮದ ವಿಷಯ ಹೇಳಿದರೆ ಇನ್ನೇನಾಗುತ್ತೆ ಅಲ್ವಾ?

ನನಗೆ ಬುದ್ಧಿ ಬಂದಿದ್ದು ಹೊಸನಗರ ಕಡೆಯ ಒಬ್ಬ ಅಜ್ಜಿಯಿಂದ. ಶುಗರ್ ಇತ್ತು, ಕಾಲಿನ ಹುಣ್ಣಿಗೆ ಅಡ್ಮಿಟ್ ಆಗಿದ್ದರು. ಮೊದಲ ದಿನವೇ ಬೆಡ್ ಪಕ್ಕ ಹಸಿರು ರಸದ ಬಾಟಲಿ ನೋಡಿ, "ಇದೆಲ್ಲ ಇಲ್ಲಿ ಕುಡಿಯಂಗಿಲ್ಲ ಅಜ್ಜಿ" ಅಂತ ಎಲ್ಲರ ಎದುರು ಜೋರು ಮಾಡಿದೆ. ಬಾಟಲಿ ಮಾಯವಾಯಿತು. ಮೂರನೇ ದಿನ ಬೆಳಗಿನ ಜಾವ ಅಜ್ಜಿ ಮೈಯೆಲ್ಲ ಬೆವತು, ಏನೇನೋ ಮಾತಾಡುತ್ತಿದ್ದರು. ಶುಗರ್ 52, ತೀರಾ ಕಡಿಮೆ. ತಕ್ಷಣ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಹಾಕಿದೆವು, ಸುಧಾರಿಸಿಕೊಂಡರು. ಬೆಡ್‌ಶೀಟ್ ಬದಲಿಸುವಾಗ ದಿಂಬಿನ ಕೆಳಗೆ ಅದೇ ಬಾಟಲಿ. ಹಾಗಲಕಾಯಿ ರಸ. ಅದೂ ಶುಗರ್ ಇಳಿಸುತ್ತದೆ, ನಾವು ಕೊಡುವ ಮಾತ್ರೆಯೂ ಇಳಿಸುತ್ತದೆ, ಸಾಲದ್ದಕ್ಕೆ ರಾತ್ರಿ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ನೀ ಬೈತೀಯಲ್ಲ ಮಗಾ" ಅಂದರು.

ಸ್ಲೈಡೆಲ್ಲ ಬಿಟ್ಟೆ. ತರಬೇತಿ ವಾರ್ಡಿಗೇ ಬಂತು, ದಿನಕ್ಕೆ 15 ನಿಮಿಷ, ಡ್ಯೂಟಿ ಬದಲಾಗುವ ಹೊತ್ತಿಗೆ. ಮೊದಲ ಪಾಠ ಒಂದು ಆಟ. ಒಬ್ಬರು ಬಾಟಲಿ ಬಚ್ಚಿಟ್ಟ ಅಜ್ಜಿ, ಇನ್ನೊಬ್ಬರು ಸಿಸ್ಟರ್, ಬೈಯದೆ ಅದನ್ನು ಹೊರಗೆ ತರಿಸಬೇಕು. "ನಾಟಿ ಔಷಧಿ ತಗೋತೀರಾ?" ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಇಲ್ಲ. "ಮನೇಲಿ ಶುಗರಿಗೆ ಏನೇನು ಮಾಡ್ತಿದ್ರಿ ಅಜ್ಜಿ?" ಅಂತ ಕೇಳಿ, ಅಮೃತಬಳ್ಳಿ, ಮೆಂತ್ಯ, ಮಧುನಾಶಿನಿ ಎಲ್ಲ ಸಾಲಾಗಿ ಬರುತ್ತದೆ. ಅದನ್ನು ಕೇಸ್ ಶೀಟಿನಲ್ಲಿ ಬರೆದು ಡಾಕ್ಟರಿಗೆ ಹೇಳಬೇಕು, ಅಷ್ಟೇ ನಮ್ಮ ಕೆಲಸ. ತಮಾಷೆ ಅಂದರೆ ನಮ್ಮ ಹುಡುಗಿಯರು ಸಾಗರ, ಸೊರಬ, ತೀರ್ಥಹಳ್ಳಿ ಕಡೆಯವರು. ಶೀತ ಆದರೆ ತಾವೂ ಮನೆಯಲ್ಲಿ ಕಷಾಯ ಕುಡಿಯುವವರೇ, ಯೂನಿಫಾರ್ಮ್ ಹಾಕಿದ ಕೂಡಲೇ ಕಷಾಯ ಅಂದರೆ ಮೂಗು ಮುರಿಯುತ್ತಾರೆ. ನಾನೂ ಹಾಗೇ ಇದ್ದೆ ಅನ್ನಿ.

ಉಸಿರಾಟ ಕಲಿಸಿದ್ದು ಆಮೇಲೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಮೊದಲು ಸಿಸ್ಟರ್‌ಗಳೇ ಮಾಡಲಿ ಅಂದೆ, ತನ್ನ ಎದೆಯೇ ಡವಡವ ಅನ್ನುವಾಗ ಪೇಷಂಟಿಗೆ ಸಮಾಧಾನ ಹೇಳಿದರೆ ಅದು ದನಿಯಲ್ಲೇ ಗೊತ್ತಾಗುತ್ತದೆ. ಆಪರೇಷನ್ ಆದವರ ವಾಕರಿಕೆಗೆ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಹುರಿಯ ಹಾಗೆ ಕೈಗೆ ಸಿಗುವ ಎರಡು ಸ್ನಾಯುರಜ್ಜುಗಳ ನಡುವೆ ಒತ್ತುವುದನ್ನೂ ತೋರಿಸಿದೆ, ಅದರಿಂದ ವಾಕರಿಕೆ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳಿವೆ. ಹಾಗಂತ ಡಾಕ್ಟರ್ ಬರೆದ ಇಂಜೆಕ್ಷನ್ ಬಿಡಂಗಿಲ್ಲ. ಹಲವು ದಿನ ಮಲಗಿದವರ ಒಂದೇ ಕಾಲು ಊದಿದ್ದರೆ ಎಣ್ಣೆ ಹಚ್ಚಿ ತಿಕ್ಕುವಂಗಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಸುಗಂಧ ತೈಲ ಮಾತ್ರ ನಾನು ಒಪ್ಪಲಿಲ್ಲ, ಪಕ್ಕದ ಬೆಡ್ಡಿನಲ್ಲೇ ಉಬ್ಬಸದವರು ಇರುತ್ತಾರೆ.

ಕೊಯ್ಲಿನ ಕಾಲದಲ್ಲಿ ಅಡಿಕೆ ಮರದಿಂದ ಬಿದ್ದ ಕೊನೆಗಾರನೊಬ್ಬ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವ) ಬಂದ, ಸೊಂಟದ ಮೂಳೆ ಮುರಿದಿತ್ತು. ಮದ್ದು ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರೂ ರಾತ್ರಿಯಿಡೀ ನೋವು ನೋವು ಅಂತ ಕರೆಯುತ್ತಿದ್ದ. ಸಿಸಿಲಿ ಸಾಂಡರ್ಸ್ ವಿಷಯ ನಾನು ಹುಡುಗಿಯರಿಗೆ ಹೇಳಿದ್ದೆ. ಮೊದಲು ನರ್ಸ್, ಆಮೇಲೆ ಡಾಕ್ಟರ್ ಆಗಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವ ಜಾಗ, ಶುರು ಮಾಡಿದವರು. ನೋವು ಅಂದರೆ ಮೈಯದ್ದು ಮಾತ್ರ ಅಲ್ಲ, ಮನಸ್ಸಿನದು, ಸಂಸಾರದ್ದು, ದೇವರ ಮೇಲಿನ ಸಿಟ್ಟು ಎಲ್ಲ ಸೇರಿರುತ್ತದೆ ಅನ್ನುವುದು ಅವರ ವಿಚಾರ. ನಮ್ಮ ಹುಡುಗಿಯರಲ್ಲಿ ಒಬ್ಬಳು ಆತನ ಪಕ್ಕ ಸ್ಟೂಲ್ ಎಳೆದುಕೊಂಡು ಐದು ನಿಮಿಷ ಕೂತಳು. ಆತ ಎರಡು ತೋಟದಿಂದ ಮುಂಗಡ ಹಣ ತಗೊಂಡಿದ್ದ, ಅದು ಆಗಲೇ ಖರ್ಚಾಗಿತ್ತು. ಮರುದಿನ ತೋಟದವರಿಗೆ ಫೋನ್ ಮಾಡಿಸಿದೆವು, ಮುಂದಿನ ವರ್ಷ ನೋಡೋಣ ಬಿಡು ಅಂದರಂತೆ. ನೋವಿನ ಮದ್ದು ನಿಲ್ಲಿಸಲಿಲ್ಲ, ಆದರೆ ಆ ರಾತ್ರಿ ಆತ ನಿದ್ದೆ ಮಾಡಿದ.

ಅವತ್ತಿನಿಂದ ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಬರೆದಿಡುವ ಹ್ಯಾಂಡೋವರ್ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಮಾಡಿದ್ದೇವೆ. ಬಿಪಿ, ಶುಗರ್, ಯೂರಿನ್, ಆಮೇಲೆ 'ಚಿಂತೆ'. ಇಬ್ಬರೇ ಸಿಸ್ಟರ್ ಇದ್ದು ವಾರ್ಡ್ ತುಂಬಿದ ದಿನ ಅದು ಖಾಲಿ ಇರುತ್ತದೆ, ನಾನೂ ಕೇಳಲು ಹೋಗುವುದಿಲ್ಲ. ಮೊನ್ನೆ ಒಂದು ಬೆಡ್ಡಿನ ಎದುರು ಹೀಗೆ ಬರೆದಿತ್ತು: "ದನ ಇವತ್ತೋ ನಾಳೆಯೋ ಕರು ಹಾಕುತ್ತದಂತೆ, ಸಂಜೆ ಮನೆಗೆ ಫೋನ್ ಮಾಡಿಸಿ."