ಮೆಕ್ಕೆಜೋಳದ ಬೆಂಡಿನಿಂದ ಹಂಡೆ ಒಲೆ ಉರಿಸುವ ಕ್ರಮ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಖುಷ್ಕಿ ಜಮೀನುಗಳಲ್ಲಿ ಮುಂಗಾರಿನ ಮೆಕ್ಕೆಜೋಳದ ಕಟಾವು ಮತ್ತು ಒಕ್ಕಣೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಡೆಯುತ್ತವೆ. ಬಿಸಿನೀರಿಲ್ಲದೆ ಬಚ್ಚಲಿಗೆ ಇಳಿಯಲಾಗದಂಥ ಚಳಿ ಬೀಳುವುದೂ ಆ ದಿನಗಳಲ್ಲೇ. ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು ಕಣದ ಅಂಚಿನಲ್ಲಿ ರಾಶಿ ಬಿದ್ದಿರುತ್ತದೆ; ಬಹಳಷ್ಟು ರೈತರು ಅದನ್ನು ಅಲ್ಲಿಯೇ ಸುಟ್ಟು, ಮನೆಯ ಹಂಡೆಗೆ ಕಟ್ಟಿಗೆಯನ್ನು ದುಡ್ಡು ಕೊಟ್ಟು ತರುತ್ತಾರೆ. ಬೆಂಡು ಉರಿಯುವುದಿಲ್ಲ, ಹೊಗೆಯಷ್ಟೇ ಬರುತ್ತದೆ ಎಂಬುದು ಅವರ ದೂರು. ಕಟ್ಟಿಗೆಗೆಂದು ಕಟ್ಟಿದ ಒಲೆಗೆ ಬೆಂಡನ್ನು ತುಂಬಿದರೆ ಹೊಗೆ ಬರುವುದು ಸಹಜ. ದೋಷವಿರುವುದು ಒಲೆಯಲ್ಲಿ.

ಬೆಂಡು ಎಷ್ಟು ಬೇಕಾಗುತ್ತದೆ ಎಂಬ ಲೆಕ್ಕವನ್ನು ಮೊದಲು ನೋಡೋಣ. ಚೆನ್ನಾಗಿ ಒಣಗಿದ ಒಂದು ಕಿಲೋ ಬೆಂಡಿನಲ್ಲಿ ಸುಮಾರು 4,000 ಕಿಲೋಕ್ಯಾಲೊರಿ ಶಾಖವಿದೆ. ಒಣಕಟ್ಟಿಗೆಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. 40 ಲೀಟರಿನ ಹಂಡೆಯ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು 1,000 ಕಿಲೋಕ್ಯಾಲೊರಿ ಸಾಕು. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಶಾಖದ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆ ಎಂದುಕೊಂಡರೆ ಎರಡೂವರೆ ಕಿಲೋ ಬೆಂಡು ಬೇಕು. ನಾಲ್ಕನೆಯ ಒಂದು ಪಾಲು ಸೇರುವಂತೆ ಒಲೆಯನ್ನು ಕಟ್ಟಿದ್ದರೆ ಒಂದೇ ಕಿಲೋದಲ್ಲಿ ಕೆಲಸ ಮುಗಿಯುತ್ತದೆ. ತೆನೆಯ ತೂಕದಲ್ಲಿ ಐದನೆಯ ಒಂದು ಪಾಲಿನಷ್ಟು ಬೆಂಡೇ ಇರುವುದರಿಂದ, ಎಕರೆಗೆ 20 ಕ್ವಿಂಟಲ್ ಕಾಳು ಬಂದರೆ ಪುಡಿಯಾದದ್ದು, ನೆನೆದದ್ದು ಕಳೆದು 4 ಕ್ವಿಂಟಲ್ ಬೆಂಡಂತೂ ಕೈಗೆ ಸಿಗುತ್ತದೆ. ದಿನಕ್ಕೆ ಎರಡು ಹಂಡೆ ನೀರು ಕಾಯಿಸುವ ಮನೆಗೆ ಅದು ತೆರೆದ ಒಲೆಯಲ್ಲಿ 80 ದಿನ ಬರುತ್ತದೆ, ಸುಧಾರಿಸಿದ ಒಲೆಯಲ್ಲಿ 200 ದಿನ.

ಕಾಳನ್ನೇ ಉರಿಸುವ ಪದ್ಧತಿಯೂ ಲೋಕದಲ್ಲಿದೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಬೆಲೆ ಪಾತಾಳಕ್ಕಿಳಿದಾಗ ಅಮೆರಿಕದ ರೈತರು ಕಲ್ಲಿದ್ದಲಿನ ಬದಲು ಮೆಕ್ಕೆಜೋಳವನ್ನೇ ಒಲೆಗೆ ಹಾಕಿದ್ದುಂಟು. ಇಂದಿಗೂ ಅಲ್ಲಿನ ಕೆಲವು ಮನೆಗಳಲ್ಲಿ, ಶೇ. 15ಕ್ಕಿಂತ ಕಡಿಮೆ ತೇವಾಂಶದ ಕಾಳನ್ನು ವಿದ್ಯುತ್ ಮೋಟಾರಿನಿಂದ ಸ್ವಲ್ಪಸ್ವಲ್ಪವೇ ಉಣಿಸುವ ಒಲೆಗಳು ಚಳಿಗಾಲದಲ್ಲಿ ಕೋಣೆಯನ್ನು ಬೆಚ್ಚಗಿಡುತ್ತವೆ. ನಮಗೆ ಅದು ಸಲ್ಲದು. 2025–26ರ ಬೆಂಬಲ ಬೆಲೆಯಂತೆ ಕ್ವಿಂಟಲ್‌ಗೆ 2,400 ರೂಪಾಯಿ ಇರುವ ಕಾಳಿನಲ್ಲಿಯೂ, ಕಣದಲ್ಲಿ ಬಿಟ್ಟುಬಂದ ಬೆಂಡಿನಲ್ಲಿಯೂ ಕಿಲೋಗೆ ಸಿಗುವ ಶಾಖ ಬಹುತೇಕ ಒಂದೇ.

ಬೆಂಡನ್ನು ಒಣಗಿಸುವ ವಿಷಯದಲ್ಲಿ ಅವಸರ ಕೂಡದು. ಒಕ್ಕಣೆಯ ಹೊತ್ತಿಗೆ ಕಾಳಿಗಿಂತ ಬೆಂಡಿನಲ್ಲಿಯೇ ನೀರು ಹೆಚ್ಚಿರುತ್ತದೆ. ಆದ್ದರಿಂದ ಕಾಳು ಒಣಗಿದೆ ಎಂದು ಬೆಂಡೂ ಒಣಗಿದೆ ಎಂದು ಭಾವಿಸಬಾರದು. ತೆಳುವಾಗಿ ಹರಡಿ, ನಡುವೆ ತಿರುವಿಹಾಕಿ, ಹತ್ತು ಹನ್ನೆರಡು ಬಿಸಿಲು ಕಾಣಿಸಬೇಕು. ಬಳಿಕ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ: ಒಣಗಿದ್ದರೆ ಪಟ್ಟನೆ ಮುರಿಯುತ್ತದೆ, ಮುರಿದ ಕಡೆ ನಡುವಿನ ತಿರುಳು ಬೆಳ್ಳಗೆ, ಮುಟ್ಟಿದರೆ ಪುಡಿಯಾಗುವಂತೆ ಇರುತ್ತದೆ, ಹಸಿಯಿದ್ದರೆ ನಾರಿನಂತೆ ಜಗ್ಗುತ್ತದೆ. ಕಪ್ಪು, ಹಸಿರು ಬೂಷ್ಟು ಹಿಡಿದವನ್ನು ಮನೆಯೊಳಗೆ ತರದೆ ತಿಪ್ಪೆಗೆ ಹಾಕುವುದು ಲೇಸು. ಉಳಿದದ್ದನ್ನು ಗಾಳಿಯಾಡುವ ಗೋಣಿಚೀಲದಲ್ಲಿ ತುಂಬಿ, ನೆಲದಿಂದ ಒಂದು ಅಡಿ ಎತ್ತರದ ಅಟ್ಟಣೆಯ ಮೇಲೆ ಇಡಬೇಕು. ನೆಲದ ಮೇಲೆ ರಾಶಿ ಹಾಕಿದರೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವೂ ಬರುತ್ತದೆ. ಹಾಗಾಗಿ ಬೆಂಡು ತೆಗೆಯುವಾಗ ರಾಶಿಗೆ ನೇರವಾಗಿ ಕೈ ಹಾಕಬಾರದು.

ಇನ್ನು ಒಲೆ. ಬೆಂಡು ಹಗುರವಾದ ಉರುವಲು. ಬಿಸಿಯಾದೊಡನೆ ಅದರ ಬಹುಪಾಲು ಅನಿಲವಾಗಿ ಹೊರಬೀಳುತ್ತದೆ. ಆ ಅನಿಲಕ್ಕೆ ಸಾಕಷ್ಟು ಗಾಳಿ ಸಿಕ್ಕರೆ ಜ್ವಾಲೆ, ಸಿಗದಿದ್ದರೆ ಹೊಗೆ. ಸಪಾಟಾದ ನೆಲದ ಮೇಲೆ ಉರಿಸಿದಾಗ ಬೂದಿಯು ಕೆಂಡವನ್ನು ಮುಚ್ಚಿ, ಕೆಳಗಿನಿಂದ ಗಾಳಿ ನುಗ್ಗಲು ದಾರಿಯೇ ಇರುವುದಿಲ್ಲ. ಆದಕಾರಣ ಮೊದಲು ಮಾಡಬೇಕಾದ ಕೆಲಸವೆಂದರೆ ಕಬ್ಬಿಣದ ಜಾಲರಿ ಕೂರಿಸುವುದು: 8 ಎಂಎಂ ಸರಳುಗಳನ್ನು ಅರ್ಧ ಇಂಚಿನ ಸಂದು ಬಿಟ್ಟು ಬೆಸುಗೆ ಹಾಕಿಸಿ, ಅದರ ಕೆಳಗೆ ನಾಲ್ಕಾರು ಇಂಚು ಆಳದ ಬೂದಿಗುಂಡಿಯನ್ನೂ ಅದಕ್ಕೆ ಹೊರಗಿನಿಂದ ಗಾಳಿ ಬರುವ ಕಿಂಡಿಯನ್ನೂ ಇಡಬೇಕು. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಅಂತರವಿರಲಿ. ಕಡಿಮೆಯಾದರೆ ಜ್ವಾಲೆಯು ತಣ್ಣನೆಯ ತಳಕ್ಕೆ ತಾಗಿ ಅರ್ಧದಲ್ಲೇ ಆರಿ ಮಸಿಯಾಗುತ್ತದೆ. ಹಂಡೆಯ ಸುತ್ತ ಎರಡು ಬೆರಳಿನಷ್ಟು ಸಂದು ಬಿಟ್ಟು ಮಣ್ಣಿನ ಗೋಡೆ ಎಬ್ಬಿಸಿದರೆ ಬಿಸಿಗಾಳಿಯು ಹಂಡೆಯ ಮೈಯನ್ನು ಸವರಿಕೊಂಡೇ ಹೊರಹೋಗುತ್ತದೆ. ಒಲೆಯ ಬಾಯಿಗೆ ಎದುರಾಗಿ, ಮೇಲ್ಭಾಗದಲ್ಲಿ 4 ಇಂಚಿನ ಹೊಗೆ ಕೊಳವೆಯನ್ನು ಕೂರಿಸಿ, ಮಾಳಿಗೆಯಿಂದ ಕನಿಷ್ಠ ಮೂರು ಅಡಿ ಮೇಲಕ್ಕೆ ಒಯ್ಯಬೇಕು. ಚಿತ್ರದುರ್ಗದ ಕಡೆ ಬೆಟ್ಟದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಹೊಗೆಯನ್ನು ಹಿಂದಕ್ಕೆ ನೂಕುವುದರಿಂದ ಕೊಳವೆಗೆ ತಗಡಿನ ಟೋಪಿಯೂ ಬೇಕು. ಜಾಲರಿ ಮತ್ತು ಹೊಗೆ ಕೊಳವೆಯ ಈ ಜೋಡಣೆಯನ್ನು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆಯನ್ನು ಕಂಡವರು ಸುಲಭವಾಗಿ ಗುರುತಿಸುತ್ತಾರೆ.

ಉರಿ ಹಚ್ಚುವಾಗ ಬೆಂಡುಗಳನ್ನು ಒಂದರ ಪಕ್ಕ ಒಂದು ಒತ್ತಿ ಜೋಡಿಸದೆ, ಅಡ್ಡಡ್ಡಲಾಗಿ ಪೇರಿಸಿ, ಮೇಲೆ ಒಂದು ಹಿಡಿ ತೆಂಗಿನ ನಾರನ್ನಿಟ್ಟು ಮೇಲಿನಿಂದ ಹೊತ್ತಿಸಿ. ಕೆಳಗಿನಿಂದ ಏಳುವ ಅನಿಲ ಮೇಲಿನ ಉರಿಯ ಮೂಲಕವೇ ಹಾದುಹೋಗುವುದರಿಂದ ಆರಂಭದ ಹೊಗೆ ಬಹಳ ಮಟ್ಟಿಗೆ ತಗ್ಗುತ್ತದೆ. ಆಮೇಲೆ ನಾಲ್ಕೈದರಂತೆ ಮಾತ್ರ ಹಾಕುತ್ತಿರಬೇಕು. ಬೆಂಡಿನ ಕೆಂಡ ಬೇಗ ಆರುತ್ತದೆಯಾದ್ದರಿಂದ, ಕೊನೆಯವರು ಸ್ನಾನಕ್ಕೆ ಹೋಗುವವರೆಗೆ ನೀರು ಬಿಸಿಯಾಗಿರಬೇಕಾದರೆ ಬಳ್ಳಾರಿ ಜಾಲಿಯ ಒಂದು ತುಂಡನ್ನು ನಡುವೆ ಇಡಿ. ಹೊಲಗಳನ್ನು ನುಂಗುತ್ತಿರುವ ಆ ಗಿಡದಿಂದ ಸಿಗುವ ಉಪಕಾರ ಇದೊಂದೇ ಇರಬೇಕು.

ಬೆಂಡು ಸಿಗದ ಕಡೆ ಬೇರೆ ಉರುವಲುಗಳಿವೆ. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯ ಸುತ್ತ ಸಿಗುವ ಶೇಂಗಾ ಸಿಪ್ಪೆಯಲ್ಲಿ ಶಾಖ ಚೆನ್ನಾಗಿದೆ, ಆದರೆ ಜಾಲರಿಯ ಸಂದಿನಿಂದ ಉದುರಿಹೋಗುತ್ತದೆ. ಹೊಸದುರ್ಗ, ಹಿರಿಯೂರು ಕಡೆಯ ಕರಟಕ್ಕೆ ಸಾಟಿಯಿಲ್ಲ. ಚನ್ನಗಿರಿ, ಭೀಮಸಮುದ್ರದ ಅಡಿಕೆ ಸಿಪ್ಪೆ ಒಳಗೊಳಗೇ ಕುಮುಲುವ ಸ್ವಭಾವದ್ದು. ಒಂಟಿಯಾಗಿ ಹಾಕದೆ ಬೆಂಡಿನೊಡನೆ ಬೆರೆಸಬೇಕು. ಸೊಪ್ಪೆಯನ್ನು ಮಾತ್ರ ಒಲೆಗೆ ಒಡ್ಡಬೇಡಿ, ಅದು ದನಗಳ ಪಾಲು.

ಭದ್ರಾ ನಾಲೆಯ ಕೆಳಗಿನ ಭತ್ತದ ಊರುಗಳವರಿಗೆ ಅಕ್ಕಿ ಗಿರಣಿಯ ಹೊಟ್ಟು ಸಿಗುತ್ತದೆ. ಅದರ ತೂಕದಲ್ಲಿ ಐದನೆಯ ಒಂದು ಪಾಲು ಬೂದಿಯೇ ಆಗಿರುವುದರಿಂದ ಅದಕ್ಕೆ ಡಬ್ಬಿ ಒಲೆಯೇ ಆಗಬೇಕು. 15 ಕಿಲೋ ಎಣ್ಣೆ ಡಬ್ಬಿಯ ಮೇಲ್ಭಾಗವನ್ನು ತೆಗೆದು, ಒಂದು ಬದಿಯ ಬುಡದಲ್ಲಿ ಮೂರು ಇಂಚಿನ ತೂತು ಕೊರೆಯಿರಿ. ತೂತಿನಿಂದ ನಡುವಿನವರೆಗೆ ಒಂದು ದುಂಡನೆಯ ಕೋಲು ಮಲಗಿಸಿ, ಅದರ ತುದಿಗೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಹೊಟ್ಟನ್ನು ಸುರಿದು ಪದರ ಪದರವಾಗಿ ಗಟ್ಟಿಯಾಗಿ ದಮ್ಮಸು ಮಾಡಬೇಕು. ಬರಿಯ ಹೊಟ್ಟು ಕುಸಿಯುವುದರಿಂದ ಸಾಮಿಲ್ಲಿನ ಮರದ ಪುಡಿಯನ್ನು ಬೆರೆಸುವುದು ಒಳ್ಳೆಯದು. ಕೋಲುಗಳನ್ನು ಮೆಲ್ಲಗೆ ತಿರುಗಿಸುತ್ತಾ ಹೊರತೆಗೆದರೆ ಗಾಳಿಗೆ ದಾರಿ ಉಳಿಯುತ್ತದೆ. ಬುಡದ ತೂತಿನಲ್ಲಿ ಒಂದು ಚಕ್ಕೆಯನ್ನು ಹೊತ್ತಿಸಿಟ್ಟರೆ ಮತ್ತೆ ಮುಟ್ಟುವ ಅಗತ್ಯವಿಲ್ಲದೆ ಗಂಟೆಗೂ ಹೆಚ್ಚು ಹೊತ್ತು ಉರಿಯುತ್ತದೆ.

ಔಷಧಿ ಲೇಪಿಸಿದ ಬಿತ್ತನೆ ಬೀಜ, ಪ್ಲಾಸ್ಟಿಕ್, ಟೈರು ಯಾವ ಒಲೆಗೂ ಬೇಡ. ಇನ್ನೊಂದು ಎಚ್ಚರಿಕೆ ಬಾಣಂತಿ ಕೋಣೆಗೆ ಸಂಬಂಧಿಸಿದ್ದು. ಹೊಗೆಯಾಡದ ಕೆಂಡದಿಂದ ಅಪಾಯವಿಲ್ಲವೆಂದು ನಂಬಿ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಕದ, ಕಿಟಕಿ ಮುಚ್ಚುವವರಿದ್ದಾರೆ. ವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹೊರಬರುವುದು ಅಂಥ ಕೆಂಡದಿಂದಲೇ, ಅದು ನಿದ್ರೆಯಲ್ಲಿಯೇ ಜೀವ ತೆಗೆಯಬಲ್ಲದು. ಕೋಣೆ ಬೆಚ್ಚಗಿರಬೇಕಾದರೆ ಬಿಸಿನೀರಿನ ಚೀಲ, ಕಂಬಳಿ ಸಾಕು. ಕೆಂಡ ಇಡಲೇಬೇಕೆಂದಿದ್ದರೆ ಕಿಟಕಿ ತೆರೆದಿರಲಿ, ಎಚ್ಚರವಿರುವವರೊಬ್ಬರು ಅಲ್ಲಿಯೇ ಇರಲಿ, ಮಲಗುವ ಮುನ್ನ ಅದು ಹೊರಗೆ ಹೋಗಲಿ.

ಬೆಂಡಿನ ಬೂದಿಯಲ್ಲಿ ಪೊಟ್ಯಾಶ್ ಹೆಚ್ಚಿರುವುದರಿಂದ ತೆಂಗಿನ ಪಾತಿಗೂ ಹಿತ್ತಲಿನ ಗಿಡಗಳಿಗೂ ಅಷ್ಟಿಷ್ಟು ಹಾಕಬಹುದು. ಮೇಲೆ ತಣ್ಣಗಾದಂತೆ ಕಂಡರೂ ಒಳಗೆ ಕಿಡಿ ಉಳಿದಿರುತ್ತದೆ; ಆದುದರಿಂದ ಬೂದಿಯನ್ನು ತಗಡಿನ ಡಬ್ಬದಲ್ಲಿ ಒಂದು ಹಗಲು, ಒಂದು ರಾತ್ರಿ ಇಟ್ಟು, ನೀರು ಚಿಮುಕಿಸಿದ ಮೇಲೆಯೇ ಹೊರಹಾಕಬೇಕು, ಅದೂ ಬಣವೆಯಿಂದ ದೂರದಲ್ಲಿ.